ಸುಪ್ಪಂಡಿಗೆ ಕನ್ನಡ ಬಂತು

ಮಕ್ಕಳ ಚಿತ್ರಕಥೆಗಳೆಂದರೆ ದೊಡ್ಡವರು ಮೂಗು ಮುರಿಯುವುದು ಹೊಸತೇನಲ್ಲ. ಪಾಠದ ಪುಸ್ತಕದ ಒಳಗಿಟ್ಟು ಕದ್ದು ಓದುವಂಥದ್ದು, ರದ್ದಿಯವನು ಬಂದಾಗ ಎಲ್ಲಕ್ಕಿಂತ ಮೊದಲು ತಕ್ಕಡಿ ಏರುವಂಥದ್ದು ಎಂದೇ ಲೆಕ್ಕ. ಅದರಲ್ಲೂ ನಗೆಯ ಕಥೆಗಳಿಗೆ ಇನ್ನೂ ಕೆಳಗಿನ ಮಣೆ. ಸಾಹಸದ ಕಥೆಯಾದರೆ ‘ಮಕ್ಕಳಿಗೆ ಧೈರ್ಯ ಬರುತ್ತದೆ’ ಎಂದಾದರೂ ಸಮರ್ಥಿಸಬಹುದು. ನಗೆಯಿಂದ ಏನು ಬರುತ್ತದೆ ಎಂದು ಕೇಳುವವರಿದ್ದಾರೆ. ನನಗಂತೂ ನಗೆಯಿಂದ ಅತ್ತೆ ಸಿಕ್ಕರು.

1990ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದೆ. ಎರಡು ಕೋಣೆಯ ಮನೆ. ಇಂಗ್ಲಿಷ್ ಬಿ.ಎ. ಪದವಿಯೂ ನನ್ನ ಟ್ರಂಕಿನಲ್ಲಿ ಬಂದಿತ್ತು. ಆದರೆ ಕುಕ್ಕರಿನ ಸೀಟಿ ಎಣಿಸಲು ಷೇಕ್ಸ್‌ಪಿಯರ್ ಯಾಕೆ ಬೇಕು? ನಮ್ಮವರು ಬೆಳಿಗ್ಗೆ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಹಗಲೆಲ್ಲ ನಾನು, ಅತ್ತೆ ಇಬ್ಬರೇ. ಅವರದು ಅಳೆದು ತೂಗಿದ ಮಾತು. ‘ನಲ್ಲಿಯಲ್ಲಿ ನೀರು ಬಂತಾ?’ ‘ಅಕ್ಕಿ ತೊಳೆದಾಯಿತಾ?’ ಅಷ್ಟೇ. ಕೆಟ್ಟವರಲ್ಲ. ಆದರೆ ಒಂದೇ ಸೂರಿನ ಕೆಳಗೆ ಹೀಗೆ ಎಷ್ಟು ವರ್ಷ ಕಳೆಯುವುದು ಎಂದು ಎಣಿಸಿ ಮಧ್ಯಾಹ್ನ ಕಣ್ಣು ತುಂಬಿಕೊಳ್ಳುತ್ತಿದ್ದುದುಂಟು.

ಮಂಚದ ಕೆಳಗೆ ಮೈದುನನ ಒಂದು ಪೆಟ್ಟಿಗೆಯಿತ್ತು. ಅದರ ತುಂಬ ‘ಟಿಂಕಲ್’ ಸಂಚಿಕೆಗಳು, ಹತ್ತು ಹತ್ತು ಸೇರಿಸಿ ದಾರದಲ್ಲಿ ಹೊಲಿದವು. 1980ರ ನವೆಂಬರಿನಲ್ಲಿ ಮುಂಬಯಿಯಿಂದ ಹೊರಬರತೊಡಗಿದ ಈ ಪತ್ರಿಕೆ ಒಂದೇ ಕಥೆಯ ಪುಸ್ತಕವಲ್ಲ, ಹಲವು ಚಿತ್ರಕಥೆಗಳ ಗೊಂಚಲು. ಬೇಟೆಯ ಸಾಹಸ, ಜಾನಪದ ಕಥೆ, ವಿಜ್ಞಾನ, ಎಲ್ಲದರ ನಡುವೆ ನಗೆ. ಚಮತಕ ಎಂಬ ನರಿಯ ಹಾಗೂ ಡೂಬ್ ಡೂಬ್ ಎಂಬ ಮೊಸಳೆಯ ಸಂಚನ್ನು ಕೆಡಿಸುವ ಕಾಲಿಯಾ ಕಾಗೆ, ರಾಜನ ಸಿಂಹಾಸನಕ್ಕೆ ಹೊಂಚು ಹಾಕಿ ಪ್ರತಿಸಲವೂ ತಾನೇ ಹಳ್ಳಕ್ಕೆ ಬೀಳುವ ತಂತ್ರಿ ಮಂತ್ರಿ, ಬಾಲ ಉದ್ದ ಮಾಡಬಲ್ಲ ಕಪೀಶ. ಮಧ್ಯಾಹ್ನದ ಹೊತ್ತು ಅವನ್ನು ತೆಗೆದು ಓದತೊಡಗಿದೆ.

ಒಂದು ದಿನ ಸುಪ್ಪಂಡಿಯನ್ನು ಓದುತ್ತ ಜೋರಾಗಿ ನಕ್ಕುಬಿಟ್ಟೆ. ಅತ್ತೆ ಅಡಿಗೆಮನೆಯಿಂದ ಇಣುಕಿದರು. “ಎಂತದು ಮಾರಾಯ್ತಿ, ಒಬ್ಬಳೇ ನಗುವುದು? ನನಗೂ ಹೇಳು ನೋಡುವ.”

ಅವರಿಗೆ ಬರುತ್ತಿದ್ದುದು ಕನ್ನಡದ ಓದು ಮಾತ್ರ. ನಮ್ಮ ಪೆಟ್ಟಿಗೆಯಲ್ಲಿದ್ದವೆಲ್ಲ ಇಂಗ್ಲಿಷಿನವು. ಚಿತ್ರ ತೋರಿಸುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಸುಪ್ಪಂಡಿಯ ಗುಟ್ಟೆಂದರೆ ಯಜಮಾನ ಹೇಳಿದ್ದನ್ನು ಅಕ್ಷರಶಃ ಮಾಡುವುದು. ಮಾತು ಪಾಲಿಸುತ್ತಾನೆ, ಕೆಲಸ ಕೆಡಿಸುತ್ತಾನೆ. ಕೇಳಿ ಮುಗಿಸಿದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ನಮ್ಮ ಊರಿನಲ್ಲೂ ಅಂಥವನೊಬ್ಬ ಇದ್ದ. ಹಾಲು ಉಕ್ಕುತ್ತದಾ ನೋಡು ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡಿದ. ಕೇಳಿದರೆ, ನೋಡಲು ಹೇಳಿದ್ದಿರಿ, ಇಳಿಸಲು ಹೇಳಿರಲಿಲ್ಲ ಅಂದ!” ಹೊಸ ಸೊಸೆಯೂ ಒಂದು ತರಹದ ಸುಪ್ಪಂಡಿಯೇ ಅಲ್ಲವೇ ಎಂದು ನಾನು ಮೆಲ್ಲಗೆ ಅಂದೆ. “ಅತ್ತೆಯೂ ಸರಿಯಾಗಿ ಹೇಳಬೇಕಲ್ಲ” ಎಂದರು. ಆ ಮೇಲೆ ನಮ್ಮ ಮನೆಯಲ್ಲಿ ಮಾತಿಗೆ ಬರವಾಗಲಿಲ್ಲ.

ಸುಪ್ಪಂಡಿ ಹುಟ್ಟಿದ್ದೂ ಹೀಗೆ ಬಾಯಿಂದ ಬಾಯಿಗೆ ಬಂದ ಕಥೆಯಿಂದಲೇ. ತಿರುಚಿರಾಪಳ್ಳಿಯ ಓದುಗರೊಬ್ಬರು ಕಳಿಸಿದ ಕಥೆಗೆ ರಾಮ್ ವಾಯೀರ್‌ಕರ್ ಚಿತ್ರ ಬರೆದು, 1983ರಲ್ಲಿ ಅವನು ಪುಟಕ್ಕಿಳಿದ. ಓದುಗರೇ ಕಥೆ ಕಳಿಸುವುದು ಆ ಪತ್ರಿಕೆಯ ವಾಡಿಕೆಯಾಗಿತ್ತು. ಅದೇ ವರ್ಷ ಲೂಯಿಸ್ ಫರ್ನಾಂಡಿಸ್ ಮತ್ತು ಚಿತ್ರಕಾರ ವಸಂತ ಹಲ್ಬೆ ಸೇರಿ ಶಿಕಾರಿ ಶಂಭುವನ್ನು ತಂದರು. ಕಣ್ಣು ಮುಚ್ಚುವ ಟೋಪಿ, ಕೈಯಲ್ಲಿ ಕೋವಿ, ಎದೆಯಲ್ಲಿ ಪುಕ್ಕಲು. ಕಾಲು ಜಾರಿಯೋ ಮರದಿಂದ ಬಿದ್ದೋ ಹುಲಿ ಸೆರೆ ಸಿಗುತ್ತದೆ, ಊರವರು ಹಾರ ಹಾಕುತ್ತಾರೆ. ಅತ್ತೆಗೆ ಇವನೇ ಪ್ರೀತಿ. “ಹೆಂಡತಿ ಶಾಂತಿಗೆ ಮಾತ್ರ ಇವನ ಬಂಡವಾಳ ಗೊತ್ತು ನೋಡು. ಎಲ್ಲ ಶೂರರ ಮನೆ ಕಥೆಯೂ ಇಷ್ಟೇ” ಎನ್ನುತ್ತಿದ್ದರು. ಮಾವನವರ ಫೋಟೋದ ಕಡೆ ಒಮ್ಮೆ ನೋಡುತ್ತಿದ್ದರು.

ಇದನ್ನೆಲ್ಲ ನಡೆಸಿದವರು ಅನಂತ ಪೈ, 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು, ಎಂದು ನಾನು ಹೇಳಿದ ದಿನ ಅತ್ತೆಯ ಮುಖ ನೋಡಬೇಕಿತ್ತು. “ನಮ್ಮ ಕಾರ್ಕಳದವರಾ!” ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿಗೆ ಬಂದು, ರಸಾಯನ ತಂತ್ರಜ್ಞಾನ ಓದಿ, ಕೊನೆಗೆ ಮಕ್ಕಳ ಕಥೆಗೆ ಬಿದ್ದವರು. 1967ರಲ್ಲಿ ದೆಹಲಿಯ ದೂರದರ್ಶನದ ಒಂದು ಕ್ವಿಜ್‌ನಲ್ಲಿ ಮಕ್ಕಳು ಗ್ರೀಕ್ ದೇವರ ಹೆಸರು ಹೇಳಿ, ರಾಮನ ತಾಯಿಯ ಹೆಸರಿಗೆ ತಡವರಿಸಿದ್ದನ್ನು ಕಂಡು ‘ಅಮರ ಚಿತ್ರ ಕಥೆ’ಗೆ ಕೈಹಾಕಿದವರು. 2011ರ ಫೆಬ್ರವರಿ 24ರಂದು ಮುಂಬಯಿಯಲ್ಲೇ ತೀರಿಕೊಂಡರು. ಆಗ ಅತ್ತೆ ಇನ್ನೂ ಇದ್ದರು. ಪೇಪರಿನಲ್ಲಿ ಸುದ್ದಿ ಓದಿ ಹೇಳಿದಾಗ ಮನೆಯವರೇ ಹೋದಂತೆ ಸುಮ್ಮನೆ ಕುಳಿತರು.

ಅದರ ಮರುವರ್ಷ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು. ನಾನು ಮಧ್ಯಾಹ್ನದ ಓದು ನಿಲ್ಲಿಸಲಿಲ್ಲ. ನೂರು ಸಲ ಕೇಳಿದ ಶಂಭುವಿನ ಕಥೆಯಲ್ಲಿ ಶಾಂತಿ ಬಂದಾಗ ಅವರ ತುಟಿಯ ಒಂದು ಬದಿ ಅರಳುತ್ತಿತ್ತು. ಡಾಕ್ಟರರು ಬರೆದುಕೊಟ್ಟ ಔಷಧದಷ್ಟೇ ನಿಷ್ಠೆಯಿಂದ ಎಂಟು ತಿಂಗಳು ಅದನ್ನೂ ಕೊಟ್ಟೆ.

ಈಗ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಾಡಿಗೆ ಮನೆಗೆ ಸಾಮಾನು ಸಾಗಿಸಬೇಕು. “ಅಮ್ಮಾ, ಇದೆಲ್ಲ ಫೋನಿನಲ್ಲೇ ಸಿಗುತ್ತದೆ, ಪೆಟ್ಟಿಗೆ ಯಾಕೆ?” ಎನ್ನುತ್ತಾನೆ ಮಗ. ಅವನ ಮಾತು ಸುಳ್ಳಲ್ಲ. ಆದರೆ ಫೋನು ಸುಪ್ಪಂಡಿಯನ್ನು ಇಂಗ್ಲಿಷಿನಲ್ಲೇ ಕೊಡುತ್ತದೆ. ಅವನಿಗೂ ಅವನ ತಂಗಿಗೂ ಬಂದ ಕನ್ನಡ ಶಾಲೆಯಿಂದ ಬಂದದ್ದಲ್ಲ, ನಾನೂ ಅತ್ತೆಯೂ ಪೈಪೋಟಿಯಿಂದ ಈ ಪುಟಗಳನ್ನು ಹೇಳುತ್ತಿದ್ದುದರಿಂದ ಬಂದದ್ದು. ಹಾಲು ಉಕ್ಕುವುದನ್ನು ನೋಡಿದವನ ಕಥೆ ಯಾವ ಸಂಚಿಕೆಯಲ್ಲೂ ಇಲ್ಲ. ಆದರೂ ನನ್ನ ಮಕ್ಕಳು ಅದನ್ನು ಸುಪ್ಪಂಡಿಯದೇ ಕಥೆ ಎಂದು ಇಂದಿಗೂ ನಂಬಿದ್ದಾರೆ.

ಪೆಟ್ಟಿಗೆ ನನ್ನ ಜೊತೆ ಬರುತ್ತದೆ ಎಂದು ಹೇಳಿದ್ದೇನೆ. ಮಗಳ ಮಗುವಿಗೆ ಈಗ ಮೂರು ವರ್ಷ, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮುಂದಿನ ರಜೆಗೆ ಬರುತ್ತಾಳೆ. ಶಂಭುವಿನಿಂದ ಶುರು ಮಾಡಬೇಕೆಂದಿದ್ದೇನೆ. ನಿಮ್ಮ ಮಂಚದ ಕೆಳಗೂ ಅಂಥದ್ದೊಂದು ಪೆಟ್ಟಿಗೆ ಇದ್ದರೆ, ರದ್ದಿಯವನನ್ನು ಕರೆಯುವ ಮೊದಲು ಒಂದು ಮಧ್ಯಾಹ್ನ ಬಿಚ್ಚಿ ನೋಡಿ.