ಎರಡೂವರೆ ತಿಂಗಳ ಕಾರು

ದಮ್ಮಾಮಿನಲ್ಲಿರುವ ತಮ್ಮ 2024ರ ಈದುಲ್ ಫಿತ್ರ್‌ಗೆ ಊರಿಗೆ ಬಂದು, ಬಕ್ರೀದ್ ಮುಗಿಸಿಕೊಂಡು ಹೋಗುತ್ತಾನೆ ಎಂಬ ಸುದ್ದಿ ಬಂದಾಗ ಮನೆಯವರೆಲ್ಲ ಅವನು ಏನೇನು ತರಬಹುದು ಎಂದು ಮಾತನಾಡುತ್ತಿದ್ದರೆ ಅಮ್ಮಿ ಕೇಳಿದ್ದು ಒಂದೇ: "ಈ ಸಲವಾದರೂ ನನ್ನನ್ನು ಮಾಗಡಿಗೆ ಕರೆದುಕೊಂಡು ಹೋಗ್ತೀರಾ?"

ಮಾಗಡಿ ಅಮ್ಮಿಯ ತವರು. ರಾಮನಗರದಿಂದ ಸುಮಾರು ಮೂವತ್ತೈದು ಕಿಲೋಮೀಟರ್. ಆದರೆ ಮಂಡಿನೋವು ಬಂದ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದಾಗದು. ಎಂಟು ವರ್ಷಗಳಿಂದ ಅವರು ತಾವು ಹುಟ್ಟಿದ ಬೀದಿಯನ್ನು ನೋಡಿರಲಿಲ್ಲ. ಕನಕಪುರದಲ್ಲಿರುವ ಖಾಲಾಳನ್ನೂ ಮದುವೆ ಮುಂಜಿಗಳಲ್ಲಿ ಕಂಡದ್ದೇ ಕಂಡದ್ದು.

ಬಾಡಿಗೆ ಕಾರಿಗೆ ವಿಚಾರಿಸಿದೆವು. ದಿನಕ್ಕೆ 2,500 ರೂಪಾಯಿ, ಇಂಧನ ಬೇರೆ, ಚಾಲಕನ ಊಟ ಬೇರೆ. ತಮ್ಮ ಫೋನಿನಲ್ಲೇ ಹೇಳಿದ: "ಆಪಾ, ಒಂದು ಹಳೇ ಕಾರು ತಗೊಂಡು ಬಿಡೋಣ. ನಾನು ವಾಪಸ್ ಹೋಗುವಾಗ ಮಾರಿದರಾಯಿತು. ನೀನೇ ಹುಡುಕು. ಓಡಿಸೋಕೂ ಮಜಾ ಇರಬೇಕು." ನಾನು ಕಾರು ಕಲಿತು ಲೈಸೆನ್ಸ್ ಪಡೆದು ಎರಡು ವರ್ಷವಾಗಿತ್ತು, ಓಡಿಸಲು ಕಾರಿರಲಿಲ್ಲ. ಹಾಗಾಗಿ ಆ ಕೊನೆಯ ಷರತ್ತು ನನಗೂ ಇಷ್ಟವಾಯಿತು. ಸಾಲ ಮಾಡಬಾರದು, ಬಡ್ಡಿಯ ಬಾಗಿಲಿಗೆ ಹೋಗಬಾರದು. ಆದ್ದರಿಂದ ಕೈಯಲ್ಲಿದ್ದ 90,000 ರೂಪಾಯಿಯೇ ನಮ್ಮ ಗಡಿ.

ನಮ್ಮದು ರೇಷ್ಮೆಗೂಡಿನ ಊರು. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದ್ದು. ಅಬ್ಬಾ ರೀಲರ್ ಆಗಿದ್ದರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಹುಳು ಗಟ್ಟಿಯಾಗಿ ಬಿಡಿಯಾಗಿದ್ದರೆ ಲೊಟಲೊಟ ಎನ್ನುತ್ತದೆ, ಕರಗಿ ಅಂಟಿಕೊಂಡಿದ್ದರೆ ಸದ್ದಿಲ್ಲ. ಮೇಲಿನ ಹೊಳಪು ನೋಡಿ ಹರಾಜು ಕೂಗಿದವನು ಮನೆಗೆ ಬಂದು ಅಳುತ್ತಾನೆ ಎನ್ನುತ್ತಿದ್ದರು. "ಅದೇ ಬುದ್ಧಿ ಇಟ್ಟುಕೊಂಡು ಹೋಗು" ಎಂದರು ಅಮ್ಮಿ.

ಮೊದಲು ಹೋದದ್ದು ಚನ್ನಪಟ್ಟಣಕ್ಕೆ. ನಮ್ಮ ಮನೆಯವರೂ ಜೊತೆಗಿದ್ದರು. ಬ್ರೋಕರ್ ಒಬ್ಬರು ಹಳೆಯ ಸ್ಯಾಂಟ್ರೊ ತೋರಿಸಿದರು. "ಲೇಡಿ ಓನರ್ ಗಾಡಿ ಮೇಡಂ, ಅಂಗಡಿಗೂ ಮನೆಗೂ ಅಷ್ಟೇ ಓಡಿರೋದು." ಮಾರುವ ಕಾರುಗಳನ್ನೆಲ್ಲ ಒಂದೋ ಡಾಕ್ಟರ್ ಓಡಿಸಿರುತ್ತಾರೆ, ಇಲ್ಲವೇ ಹೆಂಗಸರು ಓಡಿಸಿರುತ್ತಾರೆ, ಹಾಗಾದರೆ ಬೀದಿಯಲ್ಲಿ ಹಾರ್ನ್ ಬಾರಿಸಿಕೊಂಡು ನುಗ್ಗುವ ಕಾರುಗಳನ್ನೆಲ್ಲ ಯಾರು ಕೊಳ್ಳುತ್ತಾರೋ! ಬಾನೆಟ್ ಎತ್ತಿದರೆ ಎಂಜಿನ್ ತೊಳೆದ ಪಾತ್ರೆಯಂತೆ ಫಳಫಳ. ಮುಟ್ಟಿದರೆ ಬಿಸಿ. ನಾವು ಬರುವ ಮೊದಲೇ ಓಡಿಸಿ ಇಟ್ಟಿದ್ದರು. ತಣ್ಣಗಿರುವ ಎಂಜಿನ್ ಮೊದಲ ಸಲ ಶುರುವಾಗುವಾಗ ಮಾತ್ರ ತನ್ನ ಕಾಯಿಲೆ ಹೇಳಿಕೊಳ್ಳುತ್ತದೆ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಆದ್ದರಿಂದ ಬೆಳಿಗ್ಗೆಯೇ ಹೋಗಬೇಕು, ನಾವು ಬರುವವರೆಗೆ ಚಾಲೂ ಮಾಡಬೇಡಿ ಎಂದು ಹೇಳಿಯೇ ಹೋಗಬೇಕು. ನೆಲಹಾಸು ಎತ್ತಿ ನೋಡಿದೆ, ಅಡಿಯಲ್ಲಿ ತುಕ್ಕು, ಮೇಲೆ ಹೊಸ ಬಣ್ಣ.

ಅಲ್ಲಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋದೆವು. ಅವರದು ಗೊಂಬೆ ಮಾಡುವ ಮನೆ. ಅವಳ ತಂದೆ ಹಾಲೆಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಬುಗುರಿ ಮಾಡುತ್ತಿದ್ದರು. ಮರ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಆಮೇಲೆ ಬಿರುಕು ಬಿಡುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಬಣ್ಣ ಕರಗಿ ಮೆತ್ತಿಕೊಳ್ಳುತ್ತದೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಟಿಪ್ಪು ಸುಲ್ತಾನರ ಕಾಲದಿಂದ ಈ ಕಸುಬು ಬೆಳೆಯಿತು ಎಂದೂ, ಜಪಾನಿನ ವಿಧಾನವನ್ನು ಇಲ್ಲಿಗೆ ತಂದವರು ಬಾವಾಸ್ ಮಿಯಾ ಎಂದೂ ಊರು ಇಂದಿಗೂ ನೆನೆಯುತ್ತದೆ. ಸ್ಯಾಂಟ್ರೊ ವಿಷಯ ಹೇಳಿದಾಗ ಅವರು ನಕ್ಕರು: "ಬಣ್ಣ ಕೊನೆಗೆ ಹಾಕೋದು ತಂಗಿ. ಮೊದಲು ಮರ ನೋಡಬೇಕು."

ಕನಕಪುರದಲ್ಲಿ ಖಾಲಾಳ ನೆರೆಯವರ ಓಮ್ನಿ ಮಾರಾಟಕ್ಕಿತ್ತು. ಮಕ್ಕಳಿಗೆ ಸರಿಯುವ ಬಾಗಿಲು ಕಂಡೇ ಹುಚ್ಚು ಹಿಡಿಯಿತು. ಆದರೆ ಅದರ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲೇ. ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷ ಕುಳಿತ ಅಮ್ಮಿ "ತಂದೂರಿನ ಮೇಲೆ ಕೂರಿಸಿದ್ದೀರಿ" ಎಂದು ಇಳಿದರು. ಮುಂದೆ ಡಿಕ್ಕಿಯಾದರೆ ಕಾಲಿಗೆ ಅಡ್ಡವಾಗಿ ಬರೀ ತಗಡು. ಸುರಕ್ಷತೆಯ ಹೊಸ ನಿಯಮಗಳು ಬಂದಾಗ 2019ರಲ್ಲಿ ಅದರ ತಯಾರಿಕೆಯೇ ನಿಂತಿತು. ಇನ್ನೊಂದು ತೊಡಕೂ ಇತ್ತು. ಖಾಸಗಿ ಕಾರಿನ ಆರ್.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತದೆ. 2008ರ ಆ ವಾಹನದ್ದು ಮುಗಿದು ನವೀಕರಣವಾಗಿರಲಿಲ್ಲ. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಸ್ವಲ್ಪ ದಿನಕ್ಕೆಂದು ಕೊಳ್ಳುವವರು ಇದನ್ನು ಮೊದಲು ನೋಡಬೇಕು. ನಾವು ಮಾರುವಾಗ ಕೊಳ್ಳುವವರಿಗೆ ಆರ್.ಸಿ.ಯಲ್ಲಿ ಒಂದೆರಡು ವರ್ಷವಾದರೂ ಉಳಿದಿರಬೇಕಲ್ಲ?

ಕೊನೆಗೆ ಕಾರು ಸಿಕ್ಕಿದ್ದು ಮಾಗಡಿಯಲ್ಲೇ. ನಿವೃತ್ತ ನೌಕರರೊಬ್ಬರ ಮಾರುತಿ 800, 2012ರದ್ದು, ಕೆಎ-42 ನೋಂದಣಿ, ಎ.ಸಿ. ಇಲ್ಲದ್ದು. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು. 796 ಸಿಸಿ, ಮೂರು ಸಿಲಿಂಡರ್, ನಾಲ್ಕೇ ಗೇರು. ಬಿಡಿಭಾಗ ಹಳ್ಳಿಯಲ್ಲೂ ಸಿಗುತ್ತದೆ, ರಿಪೇರಿ ತಿಳಿಯದ ಮೆಕ್ಯಾನಿಕ್ ಇಲ್ಲ. ನಾವು ಏನೂ ಕೇಳುವ ಮೊದಲೇ ಆ ಹಿರಿಯರು ಹೇಳಿದರು: "ಬೆಳಿಗ್ಗೆ ಎರಡನೇ ಗೇರು ಸ್ವಲ್ಪ ಕಿರ್ ಅನ್ನುತ್ತೆ ಅಮ್ಮ. ಮಳೆ ಬಂದರೆ ಹಿಂದಿನ ಎಡಬಾಗಿಲಲ್ಲಿ ನೀರು ಇಳಿಯುತ್ತೆ." 87,000 ಎಂದಿದ್ದವರು ಅದಕ್ಕಾಗಿ ತಾವೇ 5,000 ಬಿಟ್ಟರು. ಅಮ್ಮಿ ಮೊದಲು ಸೀಟಿನ ಮೇಲೆ ಕುಳಿತು ಆಮೇಲೆ ಕಾಲು ಒಳಗೆಳೆದುಕೊಂಡು ನೋಡಿದರು. ಸೀಟು ತಗ್ಗು, ದುಪ್ಪಟಿ ಮಡಿಸಿ ಹಾಕಿದರೆ ಸರಿಹೋಯಿತು.

ಕಾಗದಪತ್ರದ ವಿಷಯದಲ್ಲಿ ಊರೆಲ್ಲ ಒಂದೇ ಸಲಹೆ: "ಎರಡು ತಿಂಗಳಿಗೆ ಹೆಸರು ಯಾಕೆ ಬದಲಾಯಿಸ್ತೀರಿ? 29, 30ನೇ ಫಾರಂಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ, ಮುಂದೆ ಕೊಳ್ಳುವವರಿಗೆ ಕೊಟ್ಟರಾಯಿತು." ಎಲ್ಲರೂ ಹೀಗೇ ಮಾಡುತ್ತಾರೆ ಎಂಬುದೂ ನಿಜ. ಆದರೆ ಆ ನಡುವೆ ಅಪಘಾತವಾದರೆ? ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಮ್ಮನ್ನು ನಂಬಿ ಕೀಲಿಕೈ ಕೊಟ್ಟ ಆ ಹಿರಿಯರ ತಲೆಯ ಮೇಲೆ ನಮ್ಮ ಓಡಾಟದ ಹೊರೆ ಇಡುವುದು ಯಾವ ನ್ಯಾಯ? ಹೆಸರು ಬದಲಿಸಿಕೊಂಡೆವು. ವಿಮೆಯನ್ನೂ ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿದೆವು. ಎಲ್ಲ ಸೇರಿ 4,300 ಖರ್ಚು.

ತಮ್ಮನಿಗಿಂತ ಮೊದಲು ಓಡಿಸಿದ್ದು ನಾನೇ. ಅವನಿಗೆ ಸೌದಿಯ ಅಭ್ಯಾಸ. ಸ್ಟೇರಿಂಗ್ ಎಡಕ್ಕೆ, ರಸ್ತೆಯ ಬಲಕ್ಕೆ. ಗೇರ್ ಹಾಕಲು ಬಲಗೈ ಚಾಚಿ ಬಾಗಿಲಿಗೆ ಬಡಿದುಕೊಂಡ. ಅವನ ಹೆಂಡತಿ ಹಿಂದಿನಿಂದ, "ಅಲ್ಲಿ 2018ರಿಂದ ನಮಗೂ ಓಡಿಸಲು ಅನುಮತಿ ಇದೆ, ಆಪಾ ಓಡಿಸಲಿ ಬಿಡಿ" ಎಂದಳು. ಬುರ್ಖಾ ತೊಟ್ಟವಳು ಸ್ಟೇರಿಂಗ್ ಹಿಡಿದದ್ದನ್ನು ಮೊದಲ ವಾರ ಬೀದಿ ನಿಂತು ನೋಡಿತು, ಎರಡನೇ ವಾರ ಮರೆತಿತು. ಪವರ್ ಸ್ಟೇರಿಂಗ್ ಇಲ್ಲ, ನಿಲ್ಲಿಸುವಾಗ ತೋಳು ನೋಯುತ್ತದೆ. ಹೊರಟ ಮೇಲೆ ಮಾತ್ರ ಆಡಿನ ಮರಿಯಂತೆ ಚುರುಕು.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ದಾರಿಗೆ ಒಮ್ಮೆ ಮಾತ್ರ ಹೋದೆವು. ಪಕ್ಕದಲ್ಲಿ ಲಾರಿ ಹಾದರೆ ನಮ್ಮ ಕಾರು ನಡುಗುತ್ತಿತ್ತು. ಅದೂ ಅಲ್ಲದೆ ಆ ದಾರಿ ನಮ್ಮ ಊರುಗಳನ್ನು ಬದಿಗೊತ್ತಿ ಹೋಗುತ್ತದೆ. ಹಳೆಯ ಹೆದ್ದಾರಿಯೇ ನಮಗೆ ಒಗ್ಗಿತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಗಳ ಸಾಲು. ಹೊಸ ರಸ್ತೆ ಬಂದ ಮೇಲೆ ಗಿರಾಕಿ ಕಡಿಮೆಯಾದ ಆ ಅಂಗಡಿಯವರು ನಮ್ಮ ಪುಟ್ಟ ಕಾರನ್ನೂ ಕೈಬೀಸಿ ಕರೆಯುತ್ತಿದ್ದರು. ಚನ್ನಪಟ್ಟಣದಲ್ಲಿ ಸೈಯದ್ ಇಬ್ರಾಹೀಮರ ಗೋರಿಯನ್ನು ಮಕ್ಕಳಿಗೆ ತೋರಿಸಿದೆ. ಟಿಪ್ಪುವಿನ ಕಾಲದಲ್ಲಿ ಬೆಂಗಳೂರಿನ ಕೋಟೆಯ ಅಧಿಕಾರಿಯಾಗಿದ್ದ ಅವರು ತಮ್ಮ ವಶದಲ್ಲಿದ್ದ ಇಂಗ್ಲಿಷ್ ಕೈದಿಗಳನ್ನು ಮಾನವೀಯವಾಗಿ ನಡೆಸಿಕೊಂಡದ್ದನ್ನು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಕನಕಪುರದಿಂದ ಸಂಗಮಕ್ಕೂ ಹೋದೆವು. ಅದು ಬರದ ವರ್ಷ. ಅರ್ಕಾವತಿ ಕಾವೇರಿಯನ್ನು ಸೇರುವ ಕಡೆ ನೀರಿಗಿಂತ ಬಂಡೆಯೇ ಹೆಚ್ಚಿತ್ತು.

ಮಾಗಡಿಗೆ ಹೋದ ದಿನ ಅಮ್ಮಿ ಫಜ್ರ್ ನಮಾಝಿನ ನಂತರ ಮಲಗಲೇ ಇಲ್ಲ. ಊರು ಹೊಕ್ಕ ಮೇಲೆ ದಾರಿ ಹೇಳಿದವರು ಅವರೇ. ಬಸ್ಸು ನಿಲ್ದಾಣದಲ್ಲಿ ನಿಲ್ಲುತ್ತದೆ. ಅಮ್ಮಿಗೆ ಬೇಕಾದ ಜಾಗಗಳಲ್ಲಿ ನಿಲ್ದಾಣವೇ ಇರಲಿಲ್ಲ. ಮುಚ್ಚಿಹೋದ ಒಂದು ಬಾವಿಯ ಮುಂದೆ ನಿಲ್ಲಿಸು ಎಂದರು. ಗೆಳತಿಯೊಬ್ಬರ ಮನೆಯಿದ್ದಲ್ಲಿ ಈಗ ಎರಡಂತಸ್ತಿನ ಕಟ್ಟಡ, ಅದರೆದುರು ನಿಲ್ಲಿಸು ಎಂದರು. ಖಬರಸ್ತಾನದ ಗೇಟಿನ ಬಳಿ ಎಂಜಿನ್ ಆರಿಸಲು ಹೇಳಿ, ಕುಳಿತಲ್ಲೇ ಕೈಯೆತ್ತಿ ತಂದೆತಾಯಿಗೆ ದುಆ ಮಾಡಿದರು. ಬಹಳ ಹೊತ್ತಾಯಿತು. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆಯದೆ ಕಾದ.

ಮರಳುವಾಗ ಸಾವನದುರ್ಗದ ಬೆಟ್ಟ ನೋಡಿ ಹೋಗೋಣವೆಂದು ತಿರುಗಿಸಿದೆವು. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಕೈಯಿಂದ ಕಾರ್ನ್‌ವಾಲಿಸನ ಸೇನೆ ಕಿತ್ತುಕೊಂಡ ದುರ್ಗ ಅದು. ಏರಿನಲ್ಲಿ ಉಷ್ಣತೆಯ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್‌ನಿಂದ ಆವಿ. ಮರದ ನೆರಳಿಗೆ ಸೇರಿಸಿ ಮುಕ್ಕಾಲು ಗಂಟೆ ಕಾದೆವು. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿನೀರು ಮುಖಕ್ಕೆ ಹಾರುತ್ತದೆ; ಇದನ್ನು ಎಲ್ಲ ಸಹೋದರಿಯರೂ ನೆನಪಿಡಿ. ರಾಮನಗರದ ಮೆಕ್ಯಾನಿಕ್ ಒಡೆದ ಹೋಸ್ ಬದಲಿಸಿದರು, 1,600 ರೂಪಾಯಿ. "ಈಗ ತೊಂದರೆ ಇಲ್ಲ. ಆದರೆ ರೇಡಿಯೇಟರ್ ಹಳತಾಗಿದೆ, ಆರು ತಿಂಗಳೋ ವರ್ಷವೋ" ಎಂದರು. ಮುಂದೆ ಬ್ರೇಕಿಗೆ 2,200 ಹೋಯಿತು.

ಬಕ್ರೀದ್ ಮುಗಿಯಿತು. ತಮ್ಮ ಹೊರಡಲು ಐದು ದಿನ. ಚನ್ನಪಟ್ಟಣದ ಒಬ್ಬ ಯುವಕ ಕಾರು ನೋಡಲು ಬಂದ. ಲೇತ್ ಕೆಲಸದವನು, ಹೆಂಡತಿ ಗರ್ಭಿಣಿ, ಆಸ್ಪತ್ರೆ ಓಡಾಟಕ್ಕೆ ಬೇಕಂತೆ. 79,000ಕ್ಕೆ ಒಪ್ಪಿ 5,000 ಮುಂಗಡ ಎಣಿಸತೊಡಗಿದ. ಗೇರಿನ ಸದ್ದು, ಬಾಗಿಲ ನೀರು ಹೇಳಿ ಆಗಿತ್ತು. ಮಾತು ಕುದುರಿಸಿದ ಬ್ರೋಕರ್ ನನ್ನತ್ತ ನೋಡಿ ಸಾಕು ಎಂಬಂತೆ ಕಣ್ಣು ಮಾಡಿದ. ತಮ್ಮನೂ ಒಳಗೆ ಕರೆದು, "ಆಪಾ, ರಿಪೇರಿ ಮಾಡಿಸಿದ್ದೀವಲ್ಲ. ಈಗ ಬಿಸಿಯಾಗ್ತಿಲ್ಲ. ಇಲ್ಲದ್ದನ್ನು ಯಾಕೆ ಹೇಳಬೇಕು?" ಎಂದ.

ಅವನ ಮಾತು ಪೂರ್ತಿ ತಪ್ಪೆನ್ನಲೂ ನನಗೆ ಆಗಲಿಲ್ಲ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮದರಸದಲ್ಲಿ ಹುಡುಗಿಯರಿಗೆ ಖಿಯಾರುಲ್ ಐಬ್ ಪಾಠ ಹೇಳುವವಳು ನಾನೇ. ಕೊಂಡ ವಸ್ತುವಿನಲ್ಲಿ ಮುಚ್ಚಿಟ್ಟ ದೋಷ ಕಂಡರೆ ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂಬ ಪಾಠ. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗೆ ಒದ್ದೆ ತಗುಲಿದ ಘಟನೆಯನ್ನು ಎಷ್ಟು ಸಲ ವಿವರಿಸಿದ್ದೇನೋ. ಆ ವ್ಯಾಪಾರಿಯೂ ಮಳೆ ತಾನು ತರಿಸಿದ್ದಲ್ಲ ಎನ್ನಬಹುದಿತ್ತು. ಮೇಲೆ ಒಣಗಿದ ಧಾನ್ಯ ಹರಡಿದ್ದು ಮಾತ್ರ ಅವನೇ. "ಆ ಹುಡುಗಿ ಹೆರಿಗೆ ನೋವಿನಲ್ಲಿದ್ದಾಗ ದಾರಿಯಲ್ಲಿ ಆವಿ ಎದ್ದರೆ?" ಎಂದೆ. ತಮ್ಮ ಉತ್ತರ ಕೊಡಲಿಲ್ಲ. ಹೊರಗೆ ಬಂದು ಹೋಸ್, ರೇಡಿಯೇಟರ್, ಮೆಕ್ಯಾನಿಕ್ ಹೇಳಿದ್ದು ಎಲ್ಲ ಹೇಳಿದೆ. ಯುವಕ ಎಣಿಸಿದ ನೋಟುಗಳನ್ನು ಮತ್ತೆ ಜೇಬಿಗಿಟ್ಟುಕೊಂಡು, "ಯೋಚನೆ ಮಾಡಿ ಹೇಳ್ತೀನಿ ಅಕ್ಕ" ಎಂದು ಹೋದ. ಬ್ರೋಕರ್ ಸಲಾಂ ಕೂಡ ಹೇಳದೆ ಹೋದ.

ಎರಡು ದಿನ ಮನೆಯಲ್ಲಿ ಮಾತು ಕಡಿಮೆ. ತಮ್ಮನ ಹೆಂಡತಿ ಪೆಟ್ಟಿಗೆ ಕಟ್ಟುತ್ತಿದ್ದಳು, ಅವನು ಅಂಗಳದ ಕಾರನ್ನು ನೋಡಿಯೂ ನೋಡದಂತಿದ್ದ. ಮೂರನೇ ದಿನ ಆ ಯುವಕ ತನ್ನ ಮೆಕ್ಯಾನಿಕ್‌ನನ್ನೇ ಕರೆದುಕೊಂಡು ಬಂದ. ರೇಡಿಯೇಟರ್ ಈಗಲೇ ಹೊಸದು ಹಾಕಿಸುತ್ತೇನೆ, 73,000ಕ್ಕೆ ಕೊಡಿ ಎಂದ. ಕೊಟ್ಟೆವು. ಹೆಸರು ಬದಲಾವಣೆಯ ಅರ್ಜಿ ಸಲ್ಲಿಸಿದ ಮೇಲೆಯೇ ಕೀಲಿಕೈ ಕೊಟ್ಟದ್ದು.

ರಾತ್ರಿ ತಮ್ಮ ಲೆಕ್ಕ ಹಾಕಿದ. ಕೊಂಡದ್ದಕ್ಕೂ ಮಾರಿದ್ದಕ್ಕೂ ವ್ಯತ್ಯಾಸ 9,000, ಕಾಗದಪತ್ರ 4,300, ರಿಪೇರಿ 3,800, ಒಟ್ಟು 17,100. ನಾವು ತಿರುಗಾಡಿದ್ದು ಇಪ್ಪತ್ತೆರಡು ದಿನ. ಬಾಡಿಗೆಯಾದರೆ 55,000 ಆಗುತ್ತಿತ್ತು. "ಆರು ಸಾವಿರ ಬಿಟ್ಟರೂ ಲಾಭವೇ" ಎಂದು ಅವನೇ ಒಪ್ಪಿಕೊಂಡ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅಮ್ಮಿ ತಲೆಯೆತ್ತದೆ ಹೇಳಿದರು: "ಮುಂದಿನ ಸಲ ಸೀಟು ಸ್ವಲ್ಪ ಎತ್ತರ ಇರೋ ಗಾಡಿ ನೋಡಿ."