ತಕ್ಕಡಿಯ ಎರಡು ತಟ್ಟೆಗಳು



ಮಕ್ಕಳಿಗೆ ಏಪ್ರಿಲ್ ಎಂದರೆ ರಜೆಯ ಸಂಭ್ರಮ. ಖಾಸಗಿ ಶಾಲೆಯ ಶಿಕ್ಷಕನಿಗಾದರೋ ಅದು ಆತ್ಮಶೋಧನೆಯ ಕಾಲ. ಜೂನ್ ತಿಂಗಳಲ್ಲಿ ಮತ್ತೆ ಅದೇ ಮೆಟ್ಟಿಲು ಹತ್ತಬೇಕೇ, ಬೇಡವೇ ಎಂಬ ಪ್ರಶ್ನೆ ಅವನನ್ನು ಕಾಡುತ್ತದೆ.

ಅನುದಾನರಹಿತ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ನಾನು 14 ವರ್ಷ ಗಣಿತ ಬೋಧಿಸಿದ್ದೆ. ಸಂಬಳ ತಿಂಗಳಿಗೆ 12,000 ರೂಪಾಯಿ. ಕಳೆದ ಏಪ್ರಿಲ್‌ನಲ್ಲಿ ಪೇಟೆಯ ವ್ಯಾಪಾರಸ್ಥರೊಬ್ಬರು ಲೆಕ್ಕಪತ್ರ ನೋಡಿಕೊಳ್ಳಲು ಕರೆದರು. ಅಲ್ಲಿ ಸಂಬಳ 22,000. ಉತ್ತರಿಸಲು ಹತ್ತು ದಿನಗಳ ಅವಕಾಶವಿತ್ತು.

ಆ ರಾತ್ರಿ ಹಳೆಯ ನೋಟ್‌ಬುಕ್ಕಿನ ಹಾಳೆಯೊಂದರ ನಡುವೆ ಗೆರೆ ಎಳೆದೆ. ಒಂದು ಬದಿಯಲ್ಲಿ ಮಗಳ ಪಿ.ಯು.ಸಿ. ಶುಲ್ಕ, ತಾಯಿಯ ಔಷಧಿ, ಅಂಗಡಿಯ ಬಾಕಿ. ಇನ್ನೊಂದು ಬದಿಯಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ತೋಚಲಿಲ್ಲ. ಕೊನೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೆನಪಾದಳು. ಶೇಕಡಾ ಲೆಕ್ಕವೆಂದರೆ ನಡುಗುತ್ತಿದ್ದ ಆಕೆಗೆ ಸಂಜೆ ನಾಲ್ಕರ ನಂತರ ಕುಳಿತು ಕಲಿಸಿದ್ದೆ. ಒಂದು ದಿನ ಓಡಿ ಬಂದು, “ಸಾರ್, ಅಮ್ಮ ಮಾಡಿದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಐದು ಬಡ್ಡಿಯಂತೆ. ಹಾಗಾದರೆ ವರ್ಷಕ್ಕೆ ಅರವತ್ತು ಆಯಿತಲ್ಲ!” ಎಂದಳು. ಮುಂದಿನ ತಿಂಗಳೇ ಆ ತಾಯಿ ಸ್ವಸಹಾಯ ಸಂಘದಿಂದ ಕಡಿಮೆ ಬಡ್ಡಿಗೆ ಹಣ ಪಡೆದು ಆ ಸಾಲವನ್ನು ತೀರಿಸಿದರು. ಇದಕ್ಕೆ ಎಷ್ಟು ರೂಪಾಯಿ ಬೆಲೆ ಬರೆಯಲಿ?

ಆದರೂ ಓದುಗರೇ, ಇಂತಹ ನೆನಪುಗಳನ್ನು ಕೊಟ್ಟು ಔಷಧಿ ಕೊಳ್ಳಲು ಬರುವುದಿಲ್ಲ. ಹಿಂದಿನ ವರ್ಷ ನಮ್ಮ ವಿಜ್ಞಾನ ಶಿಕ್ಷಕರು ಕಂಪನಿಯ ಕೆಲಸಕ್ಕೆ ಹೋದಾಗ “ಸೇವಾ ಮನೋಭಾವವಿಲ್ಲ” ಎಂದು ಕೆಲವರು ಆಡಿಕೊಂಡರು. ಬೀಳ್ಕೊಡುವ ದಿನ ಅವರು ಪ್ರಯೋಗಾಲಯದ ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಂಡುದನ್ನು ಕಂಡವನು ನಾನು. ಅವರ ಬಗ್ಗೆ ಒಂದು ಕಠಿಣ ಮಾತನ್ನೂ ಆಡಲಾರೆ.

ಆ ದಿನಗಳಲ್ಲಿ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರ ಜೀವನ ನನ್ನನ್ನು ಬಹಳ ಚಿಂತನೆಗೆ ಹಚ್ಚಿತು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಇವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು. ಫ್ರಾನ್ಸಿನ ರೈಮ್ಸ್ ನಗರದ ಶ್ರೀಮಂತ ಮನೆತನದ ಈ ಗುರುಗಳು ಬಡ ಮಕ್ಕಳ ಶಾಲೆಗಳ ಉಪಾಧ್ಯಾಯರಿಗೆ, ನಾಳಿನ ಚಿಂತೆ ಬಿಟ್ಟು ದೈವಕೃಪೆಯಲ್ಲಿ ಭರವಸೆ ಇಡಿ ಎಂದು ಬೋಧಿಸಿದರು. ಆ ಉಪಾಧ್ಯಾಯರು ನೇರವಾಗಿಯೇ ಉತ್ತರಿಸಿದರು: ನಿಮಗೆ ಆಸ್ತಿಯಿದೆ, ಪ್ರಧಾನಾಲಯದ ಪದವಿಯ ಆದಾಯವಿದೆ, ಶಾಲೆ ಮುಚ್ಚಿದರೆ ಬೀದಿಗೆ ಬೀಳುವವರು ನಾವು. ಸಂತರು ಕೋಪಿಸಿಕೊಳ್ಳಲಿಲ್ಲ. 1683ರಲ್ಲಿ ಆ ಪದವಿಯನ್ನು ತ್ಯಜಿಸಿದರು. ಬಳಿಕ ಬಂದ ಕ್ಷಾಮದಲ್ಲಿ ತಮ್ಮ ಸಂಪತ್ತನ್ನು ಬಡವರಿಗೆ ಹಂಚಿ, ಉಪಾಧ್ಯಾಯರೊಡನೆ ಅವರಂತೆಯೇ ಬಾಳಿದರು.

ಇಲ್ಲಿ ನನಗೆ ಕಂಡ ಪಾಠ ಇದು: ಬೇರೊಬ್ಬರ ತ್ಯಾಗವನ್ನು ಕೊಂಡಾಡುವ ಹಕ್ಕು ಅದರಲ್ಲಿ ಪಾಲುಗೊಂಡವರಿಗೆ ಮಾತ್ರ. ಮಿತವಾಗಿ ಬಾಳುವ ದುಡಿಮೆಗಾರನ ಜೀವನಕ್ಕೆ ಸಾಲದ ಕೂಲಿ ನ್ಯಾಯವಾದ ಕೂಲಿಯಲ್ಲವೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿಯೇ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ. ಆಡಳಿತದವರ ಕಷ್ಟವೂ ನನಗೆ ತಿಳಿಯದ್ದಲ್ಲ. ಕೂಲಿಕಾರರ ಮಕ್ಕಳೇ ತುಂಬಿರುವ ಶಾಲೆಯಲ್ಲಿ ಶುಲ್ಕ ಏರಿಸುವುದು ಹೇಗೆ? 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ಒಳಪಡಿಸಿ ಎಂಬ ಕೂಗು ಬಹುಕಾಲದ್ದು.

ಎಂಟನೆಯ ದಿನ ನನ್ನ ಪತ್ನಿ ಹೇಳಿದಳು: “ನೀವು ಹೋದರೂ ಸರಿ, ಉಳಿದರೂ ಸರಿ. ಉಳಿದುಕೊಂಡು ಮಾತ್ರ ವರ್ಷವಿಡೀ ಗೊಣಗಬೇಡಿ.”

ಆ ಮಾತು ನನ್ನನ್ನು ಎಚ್ಚರಿಸಿತು. ಅದುವರೆಗೆ ಗೊಣಗಿದ್ದೆನೇ ಹೊರತು ಬಾಯಿಬಿಟ್ಟು ಕೇಳಿರಲಿಲ್ಲ. ಮರುದಿನ ಸಂಚಾಲಕ ಗುರುಗಳನ್ನು ಕಂಡು ಮೂರು ವಿಷಯಗಳನ್ನು ವಿನಯದಿಂದ ಮುಂದಿಟ್ಟೆ: ಲಿಖಿತ ನೇಮಕಾತಿ ಆದೇಶ, ಭವಿಷ್ಯನಿಧಿ, ಹಾಗೂ ಸೇವೆ ಬಿಡುವಾಗ ಸಲ್ಲಬೇಕಾದ ಉಪದಾನ, ಅಂದರೆ ಗ್ರಾಚ್ಯುಟಿ. 2009ರ ತಿದ್ದುಪಡಿಯು ಶಿಕ್ಷಕರನ್ನೂ ಉಪದಾನಕ್ಕೆ ಅರ್ಹರನ್ನಾಗಿಸಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಡೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸುವುದು ಅದರ ಲೆಕ್ಕ. ನನ್ನ ಸಂಬಳವನ್ನೆಲ್ಲ ಮೂಲವೇತನವೆಂದು ಎಣಿಸಿದರೆ 14 ವರ್ಷಗಳಿಗೆ ಸುಮಾರು 97,000 ರೂಪಾಯಿ. ಗಣಿತ ಕಲಿಸುವ ನಾನೇ ಈ ಲೆಕ್ಕವನ್ನು ಮೊದಲ ಬಾರಿಗೆ ಮಾಡಿದ್ದು ಅಂದು!

ಗುರುಗಳು ತಾಳ್ಮೆಯಿಂದ ಆಲಿಸಿದರು. ಆಡಳಿತ ಸಮಿತಿ ಸೇರಿ ಸಂಬಳವನ್ನು 14,000ಕ್ಕೆ ಏರಿಸಿತು, ನೇಮಕಾತಿ ಆದೇಶ ಕೈಸೇರಿತು. ಉಳಿದೆರಡರ ಮಾತುಕತೆ ಇನ್ನೂ ನಡೆಯುತ್ತಿದೆ. ಪೇಟೆಯ ಕೆಲಸವನ್ನು ನಾನು ಒಪ್ಪಲಿಲ್ಲ. ಒಂದು ವರ್ಷದ ಮಟ್ಟಿಗೆ ಎಂದು ಉಳಿದಿದ್ದೇನೆ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ತೂಗುತ್ತೇನೆ. ಇದನ್ನು ತ್ಯಾಗವೆಂದು ಕರೆಯಬೇಡಿ. ಆ ಸಂಜೆಯ ತರಗತಿಯನ್ನು ಬಿಟ್ಟಿರಲು ನನ್ನಿಂದಾಗಲಿಲ್ಲ, ಅಷ್ಟೇ.

ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಧರ್ಮಕೇಂದ್ರದ ಶಾಲೆಯಲ್ಲಿ ಕಲಿಸುವವರನ್ನು ಶಿಕ್ಷಕರ ದಿನದಂದು ಹೂ ಕೊಟ್ಟು ಗೌರವಿಸುತ್ತೀರಿ, ಸಂತೋಷ. ಶಾಲೆಯ ಸಭೆಗೂ ಒಮ್ಮೆ ಬನ್ನಿ. ಅವರ ಸಂಬಳವೆಷ್ಟು, ಅದು ಸಕಾಲದಲ್ಲಿ ದೊರೆಯುತ್ತಿದೆಯೇ ಎಂದು ಕೇಳಿ. ಯೇಸುಸ್ವಾಮಿ ಹೇಳಿದ ಸಾಮತಿಯ ದ್ರಾಕ್ಷಿತೋಟದ ಯಜಮಾನನು ಸಂಜೆ ಬಂದವನ ಕೈಗೂ ಇಡೀ ದಿನದ ಕೂಲಿಯನ್ನೇ ಇಟ್ಟನು. ಆ ಕೂಲಿಯಾಳಿನ ಮನೆಯಲ್ಲೂ ಅಂದು ಒಲೆ ಉರಿಯಬೇಕಿತ್ತಲ್ಲವೇ?