ನಲವತ್ತೆರಡನೇ ಪದ

"ಅಣ್ಣಾ, ಮೇಷ್ಟ್ರಿಗೆ ಏನಾದ್ರೂ ಆಯ್ತಾ?"

2023ರ ಫೆಬ್ರವರಿಯ ಒಂದು ಬೆಳಿಗ್ಗೆ, ಬೆಂಗಳೂರಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಬಂದ ಫೋನು. ಆ ಕಡೆ ಇದ್ದವನು ನಮ್ಮೂರ ಪಕ್ಕದ ಹಳ್ಳಿಯ ಲೈನ್‌ಮನ್. ಜಾತ್ರೆಗೆ ಆಡುವ 'ಕುರುಕ್ಷೇತ್ರ'ದಲ್ಲಿ ಕರ್ಣನ ಪಾತ್ರ ಹಿಡಿದಿದ್ದ.

"ಯಾಕೋ? ಏನಾಯ್ತು?"

"ಪುಟ ಬರ್ತಿಲ್ಲ ಕಣಣ್ಣ. ಮೂರು ದಿನದಿಂದ ನೋಡ್ತಿದ್ದೀನಿ. ಮೇಷ್ಟ್ರು ಹೋಗ್ಬಿಟ್ರೇನೋ, ಅದಕ್ಕೇ ತೆಗೆದ್ಬಿಟ್ರೇನೋ ಅಂದ್ಕಂಡೆ."

ದೊಡ್ಡಪ್ಪ ಎಲ್ಲೂ ಹೋಗಿರಲಿಲ್ಲ. ದೊಡ್ಡಗದ್ದವಳ್ಳಿಯ ಮನೆಯ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಂಡು ಕೂತಿದ್ದರು. ಹೋಗಿದ್ದು ಅವರ ಪುಟ. ಅದು ಹೋಗಲು ಕಾರಣ ನಾನು.

ನಮ್ಮ ಕಡೆ ಪೌರಾಣಿಕ ನಾಟಕ ಎಂದರೆ ಏನೆಂದು ಹಾಸನ, ಮಂಡ್ಯ, ತುಮಕೂರಿನವರಿಗೆ ಹೇಳಬೇಕಾಗಿಲ್ಲ. ಹಗಲು ಆಲೂಗಡ್ಡೆ ಕಿತ್ತವನು, ಟೆಂಪೊ ಓಡಿಸಿದವನು ರಾತ್ರಿ ತಾಲೀಮಿಗೆ ಬಂದು ಭೀಮನಾಗುತ್ತಾನೆ. ಇಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ನಟನೇ ಪಾತ್ರಕ್ಕೆ ದುಡ್ಡು ಕಟ್ಟುತ್ತಾನೆ. ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು. ಗುಬ್ಬಿ ಕಂಪನಿ ಆನೆ ಕುದುರೆಗಳನ್ನು ರಂಗದ ಮೇಲೆ ತಂದು 'ಕುರುಕ್ಷೇತ್ರ' ಆಡಿತ್ತು ಎಂಬ ಮಾತು ಇಂದಿಗೂ ತಾಲೀಮಿನ ಮನೆಗಳಲ್ಲಿ ಕೇಳುತ್ತದೆ. ಕಂಪನಿಗಳ ಕಾಲ ಮುಗಿಯಿತು. ಅವು ಬಿಟ್ಟುಹೋದ ಕಂದ, ವೃತ್ತ, ಮಟ್ಟುಗಳನ್ನು ಹಳ್ಳಿಹಳ್ಳಿಗೆ ಹೊತ್ತವರು ಹಾರ್ಮೋನಿಯಂ ಮೇಷ್ಟ್ರುಗಳು. ನಮ್ಮ ದೊಡ್ಡಪ್ಪ ಅವರಲ್ಲೊಬ್ಬರು. ನಲವತ್ತು ವರ್ಷ ಪೆಟ್ಟಿಗೆ ಹಿಡಿದವರು. ಕಂಪನಿಯ ಮಟ್ಟುಗಳ ಜೊತೆಗೆ ತಾವೇ ಬರೆದು, ತಾವೇ ಮಟ್ಟು ಹಾಕಿದ ಪದಗಳೂ ಇದ್ದವು.

ಅವು ಎಲ್ಲೂ ದಾಖಲಾಗಿರಲಿಲ್ಲ. ನಮ್ಮದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ರುದ್ರಪಟ್ಟಣವಿದೆ. ಆರ್. ಕೆ. ಶ್ರೀಕಂಠನ್ ಅವರಂಥ ಗಾಯಕರು ಹುಟ್ಟಿದ ಊರು. ಅವರಿಗೆ ಆಕಾಶವಾಣಿಯಿತ್ತು, ಸಭೆಗಳಿದ್ದವು, ಧ್ವನಿಮುದ್ರಿಕೆಗಳಿದ್ದವು. ನಾಟಕದ ಮೇಷ್ಟ್ರಿಗೆ ಅದಾವುದೂ ಇರಲಿಲ್ಲ. ಅವರ ಕೈಯ ವಾದ್ಯಕ್ಕೇ ಒಂದು ಕಾಲದಲ್ಲಿ ಬಾಗಿಲು ಮುಚ್ಚಿತ್ತು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತು. ಅದಕ್ಕೆ ಗಮಕ ಬಾರದು, ಶ್ರುತಿ ನಮ್ಮದಲ್ಲ ಎಂದು ಕಾರಣ ಕೊಟ್ಟರು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಈ ಕತೆ ಹೇಳಿದಾಗ ದೊಡ್ಡಪ್ಪ ನಕ್ಕರು. "ರೇಡಿಯೋದೋರು ಬ್ಯಾಡ ಅಂದ್ರೆ ಜಾತ್ರೆಯೋರು ಬ್ಯಾಡ ಅಂದ್ರಾ?"

2016ರಲ್ಲಿ ಅವರಿಗೊಂದು ಜಾಲತಾಣ ಮಾಡಿಕೊಟ್ಟೆ. ಒಂದೇ ಪುಟ. ಮೇಲೆ ಅವರ ಫೋಟೊ, ಕೆಳಗೆ ಪದಗಳು. ಧ್ವನಿ ಕಡತಗಳನ್ನು ಉಚಿತ ಸೇವೆಯೊಂದಕ್ಕೆ ಏರಿಸಿ, ಅವರು ಕೊಡುವ ನಾಲ್ಕು ಸಾಲಿನ ಕೋಡನ್ನು ನಮ್ಮ ಪುಟದಲ್ಲಿ ಅಂಟಿಸಿದೆ. ಎಂಬೆಡ್ ಎನ್ನುವುದು ಇದಕ್ಕೇ. ನೋಡುವವರಿಗೆ ಪ್ಲೇಯರ್ ನಮ್ಮ ಪುಟದಲ್ಲೇ ಕಾಣುತ್ತದೆ, ಹಾಡು ಮಾತ್ರ ಇನ್ನೊಬ್ಬರ ಮನೆಯಿಂದ ಬರುತ್ತದೆ. ಪುಟದಲ್ಲಿರುವುದು ಆ ಮನೆಯ ಒಂದು ಕಿಟಕಿ. ನನಗೆ ಆಗ ಈ ವ್ಯತ್ಯಾಸ ದೊಡ್ಡದೆನಿಸಲಿಲ್ಲ. ದುಡ್ಡು ಖರ್ಚಿಲ್ಲ, ಒಂದು ಗಂಟೆಯ ಕೆಲಸ.

ದೊಡ್ಡಪ್ಪನಿಗೆ ವ್ಯತ್ಯಾಸ ಮೊದಲ ದಿನವೇ ಗೊತ್ತಾಯಿತು. ಅವರದೇ ದುರ್ಯೋಧನನ ಪದ ಕೇಳುತ್ತ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಪದ ಮುಗಿಯಿತು. ಕೂಡಲೇ ಅದೇ ಪ್ಲೇಯರಿನಲ್ಲಿ ಯಾರದೋ ಡೋಲಿನ ಹಾಡು ಶುರುವಾಯಿತು.

"ಇವನ್ಯಾರ್ಲಾ ನನ್ನ ತಾಲೀಮಿಗೆ ನುಗ್ಗಿದೋನು?"

"ಅದು ಅವರ ವ್ಯವಸ್ಥೆ ದೊಡ್ಡಪ್ಪ. ಒಂದು ಮುಗಿದ ಮೇಲೆ ಇನ್ನೊಂದು ತಾನಾಗೇ ಬರುತ್ತೆ."

"ನಮ್ಮನೇಲಿ ಅವರ ವ್ಯವಸ್ಥೆಯಾ?"

ಎರಡು ವರ್ಷದ ನಂತರ ನಾಲ್ಕು ಪದಗಳು ಮೂಕವಾದವು. ನಿಮ್ಮ ಧ್ವನಿ ಒಂದು ಕಂಪನಿಯ ಮುದ್ರಿಕೆಯನ್ನು ಹೋಲುತ್ತದೆ ಎಂದು ಮೇಲ್ ಬಂತು. ಹುಡುಕಿ ಆ ಮುದ್ರಿಕೆಯನ್ನು ಕೇಳಿದೆ. ರಾಗ ಒಂದೇ, ವಾದ್ಯ ಒಂದೇ. ಅಷ್ಟು ಬಿಟ್ಟರೆ ಸಾಹಿತ್ಯವೂ ಬೇರೆ, ಗಂಟಲೂ ಬೇರೆ. ಹಾಡನ್ನು ಹಾಡಿನ ಜೊತೆ ಹೋಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಯಂತ್ರ ತಪ್ಪಿದರೆ ತಕರಾರು ಅರ್ಜಿ ತುಂಬಬೇಕು. ತುಂಬಿದೆ, ಮತ್ತೆ ತುಂಬಿದೆ. ಉತ್ತರ ಬರಲಿಲ್ಲ. ಕೊನೆಗೊಂದು ದಿನ ಖಾತೆಯೇ ಮುಚ್ಚಿತು. ದೊಡ್ಡಪ್ಪನ ಪುಟದಲ್ಲಿ ಫೋಟೊ ಉಳಿಯಿತು. ಅದರ ಕೆಳಗೆ ಸಾಲಾಗಿ ಬೂದು ಬಣ್ಣದ ಖಾಲಿ ಚೌಕಗಳು.

ಇಂಥದ್ದು ನಮಗೊಬ್ಬರಿಗೇ ಆದದ್ದಲ್ಲ. ಮೈಸ್ಪೇಸ್ ಎಂಬ ತಾಣ ಒಂದು ಕಾಲದಲ್ಲಿ ಜಗತ್ತಿನ ಹೊಸ ಗಾಯಕರೆಲ್ಲರ ವಿಳಾಸವಾಗಿತ್ತು. 2015ಕ್ಕೆ ಮೊದಲು ಅಲ್ಲಿ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ನಾಶವಾದವು ಎಂಬುದು 2019ರಲ್ಲಿ ಎಲ್ಲರಿಗೂ ತಿಳಿಯಿತು. ಹೋದವು 5 ಕೋಟಿಗೂ ಹೆಚ್ಚು ಹಾಡುಗಳು ಎಂದು ಅಂದಾಜು. ನಾಶವಾಗದೆಯೂ ಮೂಕವಾಗುವುದುಂಟು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ತಂತ್ರಾಂಶದ ಆಯುಷ್ಯ ಮುಗಿಯಿತು. ಅದನ್ನೇ ನಂಬಿದ್ದ ಸಾವಿರಾರು ಹಳೆಯ ಪ್ಲೇಯರುಗಳ ಹಿಂದೆ ಕಡತ ಇದ್ದರೂ ಹಾಡು ಕೇಳಿಸದಾಯಿತು.

2019ರಲ್ಲಿ ನಾನು ಎಲ್ಲವನ್ನೂ ಹೊಸದಾಗಿ ಕಟ್ಟಿದೆ. ಈ ಸಲ ದೊಡ್ಡಪ್ಪನ ಹೆಸರಿನ ಡೊಮೇನ್, ನಾವು ಬಾಡಿಗೆ ಕಟ್ಟುವ ಸರ್ವರ್, ಅದರೊಳಗೆ ನಮ್ಮದೇ ಕಡತಗಳು. ಪ್ಲೇಯರಿಗಾಗಿ ಯಾರ ಮುಲಾಜೂ ಬೇಕಿಲ್ಲ. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5ರಲ್ಲಿ ಆಡಿಯೊ ಎಂಬ ಟ್ಯಾಗ್ ಇದೆ. ಒಂದು ಸಾಲು ಬರೆದರೆ ಬ್ರೌಸರೇ ಪ್ಲೇಯರ್ ತೋರಿಸುತ್ತದೆ. ಸ್ವಂತ ಸರ್ವರ್ ಎಂದ ಮಾತ್ರಕ್ಕೆ ಹಕ್ಕುಸ್ವಾಮ್ಯದ ಕಾಯಿದೆ ತಪ್ಪುವುದಿಲ್ಲವಲ್ಲ. ಆದ್ದರಿಂದ ದೊಡ್ಡಪ್ಪ ತಾವೇ ಬರೆದು ಮಟ್ಟು ಹಾಕಿದ ಪದಗಳನ್ನು ಮಾತ್ರ ಆರಿಸಿದೆವು. ಎಣಿಸಿದರೆ 42 ಇದ್ದವು.

ಮುದ್ರಿಸಿದ್ದು ನಮ್ಮ ಮನೆಯ ಮೂಲೆಕೋಣೆಯಲ್ಲಿ, ನನ್ನ ಫೋನಿನಲ್ಲಿ. ಕಿಟಕಿಗೆ ಕಂಬಳಿ ಕಟ್ಟಿದರೂ ಕೆರೆಯ ಕಪ್ಪೆಗಳ ಸದ್ದು ಒಳಗೆ ಬರುತ್ತಿತ್ತು. ಒಂದು ನಿಮಿಷದ ಎಂಪಿ3 ಕಡತ 128 ಕೆಬಿಪಿಎಸ್‌ನಲ್ಲಿ ಸುಮಾರು 1 ಎಂಬಿ ಆಗುತ್ತದೆ. ಒಂದು ಕಂಠ, ಒಂದು ಪೆಟ್ಟಿಗೆಗೆ ಅಷ್ಟೇಕೆ ಎಂದು ಮೊನೊ ಮಾಡಿ 64ಕ್ಕೆ ಇಳಿಸಿದೆ. 42 ಪದಗಳೂ ಸೇರಿ 80 ಎಂಬಿ ಆಸುಪಾಸು. ನಮ್ಮೂರಲ್ಲಿ ಫೋನಿನ ಗೆರೆ ಒಂದು ಬಂದರೆ ಎರಡು ಹೋಗುತ್ತದೆ. ಪುಟ ತೆರೆದ ತಕ್ಷಣ ಎಲ್ಲ ಕಡತಗಳೂ ಇಳಿಯತೊಡಗಿದರೆ ಪುಟವೇ ತೆರೆಯುವುದಿಲ್ಲ. ಒತ್ತಿದ ಪದ ಮಾತ್ರ ಇಳಿಯುವಂತೆ ಮಾಡಿದೆ. ಒಂದು ಶುರುವಾದರೆ ಇನ್ನೊಂದು ನಿಲ್ಲಬೇಕು. ಪದ ಮುಗಿದರೆ ಸುಮ್ಮನಾಗಬೇಕು. ಇದು ದೊಡ್ಡಪ್ಪನ ಷರತ್ತು.

ಕಲಿಯುವವರು ಕೇಳಿದ್ದೇ ಬೇರೆ. ಹತ್ತು ಸೆಕೆಂಡ್ ಹಿಂದಕ್ಕೆ ಹೋಗುವ ದಪ್ಪ ಗುಂಡಿಯೊಂದು ಬೇಕು, ನಿಧಾನ ಮಾಡುವ ಗುಂಡಿ ಇನ್ನೊಂದು ಬೇಕು. ಎರಡನ್ನೂ ಹಾಕಿದೆ. ಮುಕ್ಕಾಲು ವೇಗಕ್ಕೆ ಇಳಿಸಿ ಕೇಳಿಸಿದಾಗ ದೊಡ್ಡಪ್ಪ ಪೆಟ್ಟಿಗೆಯ ಮನೆಯೊಂದನ್ನು ಒತ್ತಿ ಹಿಡಿದರು. ಹಾರ್ಮೋನಿಯಂ ಪಟ್ಟಿಗೆ ನಮ್ಮಲ್ಲಿ ಮನೆ ಎಂದೇ ಹೆಸರು. ಹಾಡು ಅದೇ ಮನೆಯಲ್ಲಿ ನಿಂತಿತ್ತು.

"ಶ್ರುತಿ ಇಳೀಲಿಲ್ವಲ್ಲೋ!"

ಕ್ಯಾಸೆಟ್ಟು ನಿಧಾನವಾದರೆ ಗಂಡಸಿನ ಧ್ವನಿ ರಾಕ್ಷಸನದಾಗುತ್ತಿದ್ದುದನ್ನು ಕಂಡವರು ಅವರು. ಬ್ರೌಸರ್ ವೇಗವನ್ನು ತಗ್ಗಿಸಿದರೂ ಶ್ರುತಿಯನ್ನು ಹಾಗೇ ಉಳಿಸುತ್ತದೆ. ಅಂದು ಮೂರು ಸಲ ಹಾಕಿಸಿಕೊಂಡು ಕೇಳಿದರು.

ಜಗಳವಾಗಿದ್ದು ಡೌನ್‌ಲೋಡ್ ಗುಂಡಿಯ ವಿಷಯಕ್ಕೆ. ನಾನು ಬೇಡ ಎಂದೆ. ಯಾರಾದರೂ ಇಳಿಸಿಕೊಂಡು ತಮ್ಮ ಚಾನೆಲ್ಲಿಗೆ ಹಾಕಿಕೊಂಡರೆ? ಹೆಸರನ್ನೂ ಹಾಕದಿದ್ದರೆ?

"ಕಲಿಯೋನು ತಗಂಡೋಗ್ಲಿ ಬಿಡ್ಲಾ. ನಾನು ಕಲಿತದ್ದು ಹೆಂಗೆ? ಕದ್ದು ಕೇಳಿ."

ಗುಂಡಿ ಹಾಕಿದೆ, ಮನಸ್ಸಿಲ್ಲದ ಮನಸ್ಸಿನಿಂದ.

2021ರಲ್ಲಿ ದೊಡ್ಡಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ತೊದಲಾಯಿತು. ಆಡಬಲ್ಲರು, ಹಾಡಲಾರರು. ತಾಲೀಮು ಮಾತ್ರ ನಿಲ್ಲಲಿಲ್ಲ. ಪಾತ್ರಧಾರಿಗಳು ಮನೆಗೇ ಬರುತ್ತಿದ್ದರು. ಫೋನಿನಲ್ಲಿ ಪುಟದ ಪದ ಹಾಡುತ್ತಿತ್ತು, ದೊಡ್ಡಪ್ಪ ಎಡಗೈಯಲ್ಲಿ ತಾಳ ಹಾಕುತ್ತಿದ್ದರು, ತಪ್ಪಿದಾಗ ತೊಡೆಗೆ ಜೋರಾಗಿ ಬಡಿಯುತ್ತಿದ್ದರು. ಲೈನ್‌ಮನ್ ಕರ್ಣನಾಗಿದ್ದು ಹೀಗೆ. ಅವನು ಮೇಷ್ಟ್ರ ಹಾಡನ್ನು ಎದುರಿಗೆ ಕೂತು ಕೇಳಿದವನೇ ಅಲ್ಲ.

ಇನ್ನು ನನ್ನ ತಪ್ಪು. ಸರ್ವರಿನ ಬಾಡಿಗೆ ವರ್ಷಕ್ಕೊಮ್ಮೆ ನನ್ನ ಕಾರ್ಡಿನಿಂದ ತಾನಾಗಿ ಕಟ್ಟಿಹೋಗುತ್ತಿತ್ತು. ಕಾರ್ಡಿನ ಅವಧಿ ಮುಗಿಯಿತು. ಎಚ್ಚರಿಕೆಯ ಮೇಲ್‌ಗಳು ನಾನು ತೆರೆಯದೇ ಬಿಟ್ಟ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿದ್ದವು. ಬೇರೆಯವರ ಕಿಟಕಿ ಬೇಡ, ಸ್ವಂತ ಮನೆಯೇ ಇರಲಿ ಎಂದು ಕಟ್ಟಿದವನು ಬಾಗಿಲಿಗೆ ಬಂದ ಕಾಗದವನ್ನೂ ಓದಿರಲಿಲ್ಲ. ಲೈನ್‌ಮನ್ ಫೋನ್ ಮಾಡುವ ಹೊತ್ತಿಗೆ ಗಡುವು ಮುಗಿದು, ನಿಯಮದಂತೆ ಕಡತಗಳನ್ನು ಅಳಿಸಿ ಆಗಿತ್ತು.

ಡೊಮೇನ್ ಬೇರೆಡೆ ಕಟ್ಟಿದ್ದರಿಂದ ಉಳಿದಿತ್ತು. ಮನೆಯ ಹಾರ್ಡ್ ಡಿಸ್ಕ್ ತೆರೆದೆ. ಅದರಲ್ಲಿದ್ದವು 36. ಕೊನೆಗೆ ಮುದ್ರಿಸಿದ ಆರು ಪದಗಳನ್ನು ಫೋನಿನಿಂದ ನೇರವಾಗಿ ಏರಿಸಿದ್ದೆ. ಆ ಫೋನನ್ನು ಕೊಟ್ಟು ಹೊಸದು ತೆಗೆದುಕೊಂಡಿದ್ದೆ. ಮತ್ತೆ ಹಾಡಿಸೋಣ ಎಂದರೆ ಹಾಡುವ ಗಂಟಲಿಲ್ಲ.

ಆ ಶನಿವಾರ ಊರಿಗೆ ಹೋದೆ. ಬೇಲೂರು ರಸ್ತೆಯಿಂದ ಒಳಕ್ಕೆ ತಿರುಗಿ ಊರು ಮುಟ್ಟಿದರೂ ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಕೆರೆಯ ಬದಿಯ ಲಕ್ಷ್ಮೀದೇವಿ ಗುಡಿಯ ಆವರಣದಲ್ಲಿ ಕೂತೆ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ 1113ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಕಟ್ಟಿಸಿದ ಗುಡಿ. ಅವರ ಹೆಸರು ನಮಗೆ ಗೊತ್ತಿರುವುದು ಇಲ್ಲಿಯ ಶಾಸನದಿಂದ. ಕಲ್ಲಿಗೆ ಬಾಡಿಗೆ ಕಟ್ಟಬೇಕಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಕಾಳಿಯ ಗರ್ಭಗುಡಿಯ ಕಡೆ ಕಣ್ಣು ಹೋಯಿತು. 2020ರ ನವೆಂಬರಿನಲ್ಲಿ ಆ ಮೂರ್ತಿ ಒಡೆದುಬಿದ್ದಿತ್ತು. ಒಂಬೈನೂರು ವರ್ಷ ನಿಂತದ್ದು ಒಂದು ಬೆಳಗಾಗುವಷ್ಟರಲ್ಲಿ ಚೂರಾಗಿತ್ತು. ಕಲ್ಲನ್ನೂ ಯಾರಾದರೂ ಕಾಯುತ್ತಿರಬೇಕು.

ಮನೆಗೆ ಹೋಗಿ ದೊಡ್ಡಪ್ಪನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಬಯ್ಯಲಿಲ್ಲ. ಬಹಳ ಹೊತ್ತು ಮಾತು ಕೂಡಿಸಿಕೊಂಡು, "ಹುಡುಗ್ರ್ನ... ಕೇಳು" ಎಂದರು.

ತಾಲೀಮಿನ ವಾಟ್ಸ್‌ಆ್ಯಪ್ ಗುಂಪಿಗೆ ಆರು ಪದಗಳ ಹೆಸರು ಹಾಕಿದೆ. ರಾತ್ರಿ ಎಂಟಕ್ಕೆ ಮೊದಲನೆಯದು ಬಂತು, ದ್ರೌಪದಿಯ ಪಾತ್ರ ಮಾಡುವ ದರ್ಜಿಯಿಂದ. ಆಮೇಲೆ ಶಕುನಿಯಿಂದ ಎರಡು. ಭೀಷ್ಮನ ಪದವನ್ನು ನಾಲ್ಕು ಜನ ಕಳಿಸಿದರು. ನಾನು ಬೇಡವೆಂದು ಹಟ ಹಿಡಿದಿದ್ದ ಗುಂಡಿಯನ್ನು ಒತ್ತಿ ಅವರು ಇಳಿಸಿಕೊಂಡವು ಅವು. ಒಬ್ಬ ತನ್ನ ಕಡತಕ್ಕೆ "ಮೇಷ್ಟ್ರು ಮಟ್ಟು ಬದಲಾಯಿಸಬಾರದು" ಎಂದು ಹೆಸರಿಟ್ಟಿದ್ದ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಐದು ಸಿಕ್ಕವು.

ಸಿಗದೇ ಉಳಿದದ್ದು ಕರ್ಣನ ಪದ. ಕುಂತಿ ಬಂದು ಹೋದಮೇಲೆ ಹೊಳೆಯ ದಡದಲ್ಲಿ ಅವನೊಬ್ಬನೇ ಹಾಡಿಕೊಳ್ಳುವುದು. ಲೈನ್‌ಮನ್‌ಗೆ ಫೋನ್ ಮಾಡಿದೆ.

"ನಾನು ಇಳಿಸ್ಕಳ್ಳಲೇ ಇಲ್ಲ ಕಣಣ್ಣ. ದಿನಾ ಕೇಳ್ತಿದ್ನಲ್ಲ, ಬಾಯಿಗೇ ಬಂದಿತ್ತು."

ಸಂಜೆ ಅವನನ್ನೇ ಕರೆಸಿದೆವು. ದೊಡ್ಡಪ್ಪ ಎಡಗೈ ಬೆರಳಿನಿಂದ ಒಂದು ಮನೆ ಒತ್ತಿ ಶ್ರುತಿ ಕೊಟ್ಟರು. ತಿದಿ ಒತ್ತಿದ್ದು ನಾನು. ಅವನು ಹಾಡಿದ. ಎರಡನೆಯ ಚರಣದಲ್ಲಿ ತೊಡೆಗೆ ಪೆಟ್ಟು ಬಿತ್ತು. ಮತ್ತೆ ಹಾಡಿದ. ಮತ್ತೆ ಪೆಟ್ಟು. ಒಂದು ಸ್ವರವನ್ನು ಎಳೆಯಬೇಕಾದಲ್ಲಿ ಅವನು ಕತ್ತರಿಸುತ್ತಿದ್ದ. ದೊಡ್ಡಪ್ಪ ಅದನ್ನು ತೊದಲು ಬಾಯಿಯಲ್ಲಿ ಎಳೆದು ತೋರಿಸಿದರು. ಸ್ವರ ನಿಲ್ಲಲಿಲ್ಲ, ಆದರೂ ಎಷ್ಟು ದೂರ ಹೋಗಬೇಕೆಂಬುದು ತಿಳಿಯಿತು. ಏಳನೆಯ ಸಲಕ್ಕೆ ಕೈ ಸುಮ್ಮನೆ ತೊಡೆಯ ಮೇಲೆ ಕೂತಿತು. ನನ್ನ ಫೋನು ಮುದ್ರಿಸಿಕೊಳ್ಳುತ್ತಲೇ ಇತ್ತು.

ಪುಟ ಈಗ ಮತ್ತೆ ಇದೆ. ಕಡತಗಳು ನಮ್ಮ ಸರ್ವರಿನಲ್ಲಿ, ಇಂಟರ್‌ನೆಟ್ ಆರ್ಕೈವ್‌ನಲ್ಲಿ, ಊರಿನ ಮನೆಯ ಬೀರುವಿನಲ್ಲಿಟ್ಟ ಡಿಸ್ಕಿನಲ್ಲಿ ಹೀಗೆ ಮೂರು ಕಡೆ ಇವೆ. ಬಾಡಿಗೆಯ ನೆನಪೋಲೆ ನನಗೂ ಲೈನ್‌ಮನ್‌ಗೂ ಇಬ್ಬರಿಗೂ ಬರುತ್ತದೆ. ಡೌನ್‌ಲೋಡ್ ಗುಂಡಿಯನ್ನು ಮೊದಲಿಗಿಂತ ದೊಡ್ಡದು ಮಾಡಿದ್ದೇನೆ.

ಪುಟದ ಕೊನೆಗೆ ಹೋದರೆ ನಲವತ್ತೆರಡನೇ ಪದ ಸಿಗುತ್ತದೆ. ಅದರ ಮುಂದೆ ಹಾಡಿದವರು ಕರ್ಣನ ಪಾತ್ರಧಾರಿ ಎಂದಿದೆ. ಅದರ ಕೆಳಗೆ ತಾಳ: ಮೇಷ್ಟ್ರು ಎಂದು ಸೇರಿಸಿದ್ದೇನೆ. ಹಾಡಿನ ಹಿಂದೆ ಕಪ್ಪೆಗಳ ಸದ್ದು ಕೇಳಿಸುತ್ತದೆ.